ಚಿತ್ರದ ಬೆಡಗಿಯೂ ಅಂಗಿ ಹೊಲಿದ ಕೈಗಳೂ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಅಮೆರಿಕದ ಚಿತ್ರಕಾರ ಚಾರ್ಲ್ಸ್ ಡಾನಾ ಗಿಬ್ಸನ್ ಶಾಯಿಯಲ್ಲಿ ಬರೆದ ‘ಗಿಬ್ಸನ್ ಗರ್ಲ್’ ಎಂಬ ಬೆಡಗಿಯನ್ನು ಸ್ತ್ರೀಸ್ವಾತಂತ್ರ್ಯದ ಮುಂಗೋಳಿಯೆಂದು ಕೊಂಡಾಡುವ ವಾಡಿಕೆಯಿದೆ. ಈ ಮಾತನ್ನು ನಾನು ಒಪ್ಪಲಾರೆ.

ಮೇಲೆತ್ತಿ ಕಟ್ಟಿದ ತುಂಬುಗೂದಲು, ಗರ್ವದ ನೋಟ, ಹಿಡಿಯಷ್ಟು ನಡು, ಬಿಳಿಯ ಅಂಗಿ, ಉದ್ದನೆಯ ಲಂಗ. ‘ಲೈಫ್’ ಪತ್ರಿಕೆಯ ಪುಟಗಳಲ್ಲಿ ಮೆರೆದ ಈಕೆ ಸೈಕಲ್ ತುಳಿದಳು, ಗಾಲ್ಫ್ ಆಡಿದಳು. 1903ರ ಪ್ರಸಿದ್ಧ ಚಿತ್ರವೊಂದರಲ್ಲಿ ನಾಲ್ವರು ಯುವತಿಯರು ಬೆರಳುದ್ದದ ಗಂಡಸೊಬ್ಬನನ್ನು ಮೇಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು ಪರೀಕ್ಷಿಸುತ್ತಾರೆ. ಮನೆಯೊಳಗಿದ್ದ ಹುಡುಗಿಯರಿಗೆ ಇಂಥ ಚಿತ್ರಗಳು ಧೈರ್ಯ ಕೊಟ್ಟವೆಂಬ ವಾದವನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಆದರೆ ಆ ನಡುವಿಗಾಗಿ ನಿಜವಾದ ಹೆಂಗಸರು ಬಿಗಿಯಾದ ಕಾರ್ಸೆಟ್ಟಿನಲ್ಲಿ ಉಸಿರು ಹಿಡಿಯಬೇಕಾಯಿತು. ಮತದಾನದ ಹಕ್ಕಂತೂ 1920ರವರೆಗೆ ದೇಶದ ಎಲ್ಲೆಡೆ ದೊರೆಯಲಿಲ್ಲ. ದೊರೆತದ್ದು ಬೀದಿಗಿಳಿದು ಸೆರೆಮನೆ ಕಂಡವರ ಹೋರಾಟದಿಂದ, ಚಿತ್ರದ ಚೆಲುವಿನಿಂದಲ್ಲ.

ಆಕೆಯ ಬಿಳಿಯ ಅಂಗಿಗೆ ‘ಶರ್ಟ್‌ವೇಸ್ಟ್’ ಎಂದು ಹೆಸರು. ನ್ಯೂಯಾರ್ಕಿನಲ್ಲಿ ಅದನ್ನು ಹೊಲಿಯುತ್ತಿದ್ದವರು ಬಹುಪಾಲು ಯಹೂದಿ ಮತ್ತು ಇಟಾಲಿಯನ್ ವಲಸೆ ಕುಟುಂಬಗಳ ಎಳೆಯ ಹೆಣ್ಣುಮಕ್ಕಳು. 1909ರಲ್ಲಿ ಅವರು ಸುಮಾರು 20,000 ಮಂದಿ ಮುಷ್ಕರ ಹೂಡಿದರು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊರಹೋಗುವ ಬಾಗಿಲೊಂದಕ್ಕೆ ಬೀಗ ಜಡಿದಿತ್ತು. ಸತ್ತವರು 146 ಮಂದಿ. ಅವರಲ್ಲಿ 123 ಮಂದಿ ಹೆಂಗಸರು, ಹುಡುಗಿಯರು. ಕಾರ್ಖಾನೆಗಳ ಸುರಕ್ಷತೆಗೆ ಹೊಸ ಕಾಯಿದೆಗಳು ಬಂದದ್ದು ಆ ಹೆಣಗಳನ್ನು ಕಂಡ ಮೇಲೆ. ಮುಂಗೋಳಿ ಎಂಬ ಹೆಸರು ಯಾರಿಗೆ ಸಲ್ಲಬೇಕು? ಅಂಗಿ ತೊಟ್ಟ ಚಿತ್ರಕ್ಕೋ, ಅಂಗಿ ಹೊಲಿದ ಕೈಗಳಿಗೋ?

ದೂರದ ದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಸ್ಮರಣ ಸಂಚಿಕೆಗಳ ಮುಖಪುಟದಲ್ಲೂ ಇಳಕಲ್ ಸೀರೆಯುಟ್ಟು ಮೂಗುತಿಯಿಟ್ಟ ಸುಂದರಿಯೊಬ್ಬಳು ನಿಂತಿರುತ್ತಾಳೆ. ಅವಳಿಗೆ ಹೆಸರಿಲ್ಲ, ಮಾತಿಲ್ಲ. ಒಳಪುಟಗಳಲ್ಲಿ ಅಧ್ಯಕ್ಷರ, ಕಾರ್ಯದರ್ಶಿಗಳ ಭಾವಚಿತ್ರಗಳ ಸಾಲು. ಆ ಸೀರೆಯ ನೂಲು ಸುತ್ತಿದವಳೆಲ್ಲಿ? ಸೊಲ್ಲಾಪುರದಲ್ಲಿ ಬೀಡಿ ಕಟ್ಟುವವಳೆಲ್ಲಿ? ಶಾಲೆಯಲ್ಲಿ ಮರಾಠಿ ಕಲಿತ ಮಗುವಿಗೆ ಮನೆಯಲ್ಲಿ ಕನ್ನಡದ ಕಥೆ ಹೇಳಿದವಳೆಲ್ಲಿ? ಗಡಿಯಾಚೆ ಕನ್ನಡ ಉಳಿದದ್ದು ವೇದಿಕೆಯ ಭಾಷಣಗಳಿಗಿಂತ ಇವರ ನಾಲಿಗೆಯ ಮೇಲೆ.

ಮುಖಪುಟದ ಚಿತ್ರ ಇರಲಿ, ಬೇಡವೆನ್ನೆ. ಆದರೆ ಮುಂದಿನ ಸಂಚಿಕೆಯಲ್ಲಿ ಕಡೆಯ ಪಕ್ಷ ಹತ್ತು ಪುಟಗಳು ಈ ತಾಯಂದಿರ ಮಾತಿಗೆ, ಅವರವರ ಹೆಸರಿನಲ್ಲಿಯೇ ಮೀಸಲಾಗಲಿ. ಬರೆಯಲು ಬಾರದವರು ಹೇಳಲಿ; ಬರೆದುಕೊಳ್ಳಲು ನಾವಿದ್ದೇವೆ. ಇಷ್ಟನ್ನೂ ಮಾಡದ ಸಂಘಕ್ಕೆ ಕನ್ನಡತಿಯ ಚಿತ್ರವನ್ನು ಅಚ್ಚಿಸುವ ಅಧಿಕಾರವಿಲ್ಲ.