ಮನೆಗೆ ಬೀಗ, ಒಳಗೆ ಗುಂಡ

ನಾನು ಬೆಳೆದ ತುಮಕೂರಿನ ಮನೆಗೆ ಒಂದು ಹಿತ್ತಾಳೆಯ ಬೀಗ ಇತ್ತು. ಆದರೆ ಅದರ ಬೀಗದ ಕೈ ಎಲ್ಲಿದೆ ಎಂದು ಕೇಳಿದರೆ ಯಾರಿಗೂ ಗೊತ್ತಿರುತ್ತಿರಲಿಲ್ಲ! ಬೇಕಾಗುತ್ತಿದ್ದರೆ ತಾನೆ? ಎಲ್ಲರೂ ಮದುವೆಗೆ ಹೊರಟರೂ ಅಜ್ಜಿ ಮನೆಯಲ್ಲಿ, ಅಜ್ಜಿಯೂ ಹೊರಟರೆ ಪಕ್ಕದ ಮನೆಯವರು ನಮ್ಮ ಜಗಲಿಯಲ್ಲಿ. ಆ ಜಗಲಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ನಾಯಿ. ಅದಕ್ಕೆ ಸಾರನ್ನದ ಊಟ, ಬೀದಿಯೇ ಬಯಲು, ಹೋಗಿ ಬರುವವರೆಲ್ಲ ನೆಂಟರು. ಮನೆ ಕಾಯುವುದು ಅದರ ಉದ್ಯೋಗ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಅದು ಒಂಟಿಯಾಗಿದ್ದದ್ದನ್ನು ಮಾತ್ರ ನಾನು ನೋಡಿದ ನೆನಪಿಲ್ಲ.

ಇಲ್ಲಿ ಅಮೆರಿಕದಲ್ಲಿ ಎಲ್ಲವೂ ತಿರುಗುಮುರುಗು. ನಾಯಿ ಮನೆಯನ್ನು ಕಾಯುವುದಿಲ್ಲ, ಮನೆಯೇ ನಾಯಿಯನ್ನು ಕಾಯುತ್ತದೆ. ಬೆಳಿಗ್ಗೆ ಎಂಟಕ್ಕೆ ಗರಾಜಿನ ಬಾಗಿಲು ಗಡಗಡ ಎಂದು ಇಳಿಯಿತೆಂದರೆ ಸಂಜೆ ಆರರವರೆಗೆ ಒಳಗೆ ಒಂದೇ ಜೀವ. ನಮ್ಮ ಮನೆಯ ಆ ಜೀವದ ಹೆಸರು ಗುಂಡ. ಜಾತಿ ಕೇಳಬೇಡಿ, ಅರ್ಧ ಲ್ಯಾಬ್ರಡಾರ್, ಇನ್ನರ್ಧ ದೇವರಿಗೇ ಗೊತ್ತು. ಕಳೆದ ಯುಗಾದಿ ಸಂಚಿಕೆಯಲ್ಲಿ ಹಿಮ ಎತ್ತುವ ಸಲಿಕೆಯ ಬಗ್ಗೆ ಬರೆದಾಗ ಗುಂಡನ ಹೆಸರು ಒಂದು ಸಾಲಿನಲ್ಲಿ ಬಂದಿತ್ತು. ಸಲಿಕೆಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ. "ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅದನ್ನು ಏನು ಮಾಡ್ತೀರಿ?" ಎಂದು ಏಳೆಂಟು ಜನ ಕೇಳಿದರು. ಹಾಗಾಗಿ ಈ ಸಲದ ಅಂಕಣ ಗುಂಡನಿಗೇ ಮೀಸಲು.

ನಾಯಿಪ್ರೀತಿ ನಾವು ಇಲ್ಲಿಗೆ ಬಂದು ಕಲಿತ ಫ್ಯಾಷನ್ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ದೊರೆ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ಎಂದೂ ಕೆತ್ತಿಸಿದರು. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ 'ಕಿವಿ' ಗೊತ್ತೇ ಇದೆ. ಧರ್ಮರಾಯನ ಹಿಂದೆ ಹೊರಟ ನಾಯಿಯಂತೂ ಸರಿಯೇ ಸರಿ. ಆದರೆ ಗಮನಿಸಿ, ಇವೆಲ್ಲ ಯಜಮಾನನ ಜೊತೆಗೇ ಓಡಾಡಿದ ನಾಯಿಗಳು. ಬೀಗ ಹಾಕಿದ ಮನೆಯೊಳಗೆ ಹತ್ತು ಗಂಟೆ ಕಾಯುವ ನಾಯಿಯನ್ನು ಹೇಗೆ ಸಾಕಬೇಕೆಂದು ನಮ್ಮ ಹಿರಿಯರು ಹೇಳಿಕೊಡಲಿಲ್ಲ, ಅವರಿಗೆ ಅದರ ಅಗತ್ಯವೇ ಬಂದಿರಲಿಲ್ಲ.

ಒಂಟಿಯಾಗಿ ಬಿಟ್ಟ ನಾಯಿ ಸೋಫಾ ಕಿತ್ತುಹಾಕಿದರೆ, ಬಾಗಿಲ ಚೌಕಟ್ಟು ಕಚ್ಚಿದರೆ "ಸೇಡು ತೀರಿಸ್ಕೊಂಡಿದೆ ನೋಡಿ" ಎನ್ನುತ್ತೇವೆ. ಸೇಡೂ ಅಲ್ಲ, ಸೊಕ್ಕೂ ಅಲ್ಲ. ಕೆಲವು ನಾಯಿಗಳಿಗೆ ಅದು ಬರೀ ಬೇಸರ, ಓಡಾಟ ಸಾಲದೆ ಬಂದದ್ದು. ಇನ್ನು ಕೆಲವಕ್ಕೆ ನಿಜವಾದ ಭಯ. ಭಯದ್ದಾದರೆ ಹಾನಿಯೆಲ್ಲ ಬಾಗಿಲು ಕಿಟಕಿಗಳ ಹತ್ತಿರ, ಅಂದರೆ ನೀವು ಹೋದ ದಾರಿಯಲ್ಲೇ ಇರುವುದು ಹೆಚ್ಚು. ಜೊಲ್ಲು ಸುರಿಸುವುದು, ಊಳಿಡುವುದು, ಚೆನ್ನಾಗಿ ಅಭ್ಯಾಸವಾಗಿದ್ದ ನಾಯಿಯೂ ಒಳಗೇ ಉಚ್ಚೆ ಹೊಯ್ಯುವುದು, ಇಟ್ಟ ತಿಂಡಿಯನ್ನು ಮೂಸಿಯೂ ನೋಡದಿರುವುದು, ಇವು ಲಕ್ಷಣಗಳು. ಈ ಗಾಬರಿ ಸಾಮಾನ್ಯವಾಗಿ ನೀವು ಹೊರಟ ಮೊದಲ ಅರ್ಧ ಗಂಟೆಯಲ್ಲೇ ಶುರುವಾಗುತ್ತದೆ. ಹಳೆಯ ಫೋನೊಂದನ್ನು ಕ್ಯಾಮೆರಾ ಮಾಡಿ ಇಟ್ಟು ಹೋಗಿ, ಬೇಸರವೋ ಭಯವೋ ಒಂದೇ ದಿನದಲ್ಲಿ ತಿಳಿಯುತ್ತದೆ. ಸಂಜೆ ಬಂದು ಬೈದರೆ ಮಾತ್ರ ಏನೂ ಉಪಯೋಗವಿಲ್ಲ. ಬೆಳಿಗ್ಗೆ ಮಾಡಿದ್ದಕ್ಕೂ ಸಂಜೆಯ ಬೈಗುಳಕ್ಕೂ ನಾಯಿ ಗಂಟು ಹಾಕಲಾರದು. ತಲೆ ತಗ್ಗಿಸುವುದು ನಿಮ್ಮ ಮುಖ ನೋಡಿ ಅಷ್ಟೆ.

"ನಾಯಿಗೆ ಗಂಟೆ ಲೆಕ್ಕ ಎಲ್ಲಿ ಗೊತ್ತಾಗುತ್ತೆ ಬಿಡಿ" ಎನ್ನುವ ಮಿತ್ರರೂ ಇದ್ದಾರೆ. ಸ್ವೀಡನ್ನಿನ ಥೆರೇಸ್ ರೆನ್ ಮತ್ತು ಲಿಂಡಾ ಕೀಲಿಂಗ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ನೋಡಿದರು. ಅರ್ಧ ಗಂಟೆಯ ನಂತರ ಬಂದ ಯಜಮಾನನಿಗಿಂತ ಎರಡು ಗಂಟೆ ಬಿಟ್ಟು ಬಂದವನಿಗೆ ಸ್ವಾಗತ ಜೋರಾಗಿತ್ತು. ಎರಡಕ್ಕೂ ನಾಲ್ಕಕ್ಕೂ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಗಡಿಯಾರ ನೋಡಲು ಬಾರದಿರಬಹುದು, ಹೊತ್ತಾಯಿತು ಎಂಬುದಂತೂ ಅದಕ್ಕೆ ಗೊತ್ತು.

ಈಗ ನಮ್ಮ ಮನೆಗಳಿಗೇ ವಿಶೇಷವಾದ ಒಂದು ಸಂಗತಿಗೆ ಬರುತ್ತೇನೆ. ಅಮೆರಿಕನ್ನರ ಪುಸ್ತಕಗಳಲ್ಲಿ ಇದು ಕಾಣುವುದಿಲ್ಲ. ನಮ್ಮ ನಾಯಿಗಳಿಗೆ ವರ್ಷದಲ್ಲಿ ಎರಡು ಋತು, ಅಜ್ಜಿ ಇರುವ ಋತು ಮತ್ತು ಅಜ್ಜಿ ಇಲ್ಲದ ಋತು! ಊರಿಂದ ಅಪ್ಪ ಅಮ್ಮ ಬಂದರೆ ಆರು ತಿಂಗಳು ಮನೆಯಲ್ಲಿ ಇಡೀ ದಿನ ಜನ, ಒಗ್ಗರಣೆಯ ವಾಸನೆ, ಟೀವಿಯ ಧಾರಾವಾಹಿ, ಮಧ್ಯಾಹ್ನ ಕಾಲ ಬಳಿ ನಿದ್ದೆ. ಆಮೇಲೊಂದು ಸಂಜೆ ಸೂಟ್‌ಕೇಸುಗಳು ಹೊರಡುತ್ತವೆ, ಮರುದಿನ ಎಂಟು ಗಂಟೆಗೆ ಮನೆ ಖಾಲಿ. ದಿನಚರಿ ಹೀಗೆ ಒಮ್ಮೆಲೇ ಬದಲಾಗುವುದು ಇಂಥ ಭಯಕ್ಕೆ ಒಂದು ಮುಖ್ಯ ಕಾರಣ. ನಮ್ಮ ಕೂಟದ ಸ್ನೇಹಿತರೊಬ್ಬರ ಮನೆಯಲ್ಲಿ ಆರು ವರ್ಷದ ನಾಯಿ, ಅದುವರೆಗೆ ಒಂದು ಚಪ್ಪಲಿಯನ್ನೂ ಮುಟ್ಟಿರಲಿಲ್ಲ. ಅಜ್ಜಿ ವಿಮಾನ ಹತ್ತಿದ ಮೂರನೆಯ ದಿನ ಅವರು ಮಲಗುತ್ತಿದ್ದ ಕೋಣೆಯ ಬಾಗಿಲನ್ನು ಉಗುರು ಕಿತ್ತು ರಕ್ತ ಬರುವಷ್ಟು ಕೆರೆದಿತ್ತು. 2020ರ ಲಾಕ್‌ಡೌನಿನಲ್ಲಿ ಮರಿ ತಂದವರು, ಆಫೀಸು ಮತ್ತೆ ತೆರೆದಾಗ ಇದೇ ಪಾಡು ಪಟ್ಟರು.

ಅದಕ್ಕೇ ನಮ್ಮ ಅಮ್ಮ ಹೊರಡುವ ಮೂರು ವಾರ ಮೊದಲೇ ಪಶುವೈದ್ಯರು ಹೇಳಿದಂತೆ ಗುಂಡನಿಗೆ ಪಾಠ ಶುರುವಾಯಿತು. ಪಾಠ ಬಹಳ ಸುಲಭ, ತಾಳ್ಮೆ ಮಾತ್ರ ಬೇಕು. ಬೀಗದ ಕೈ ಎತ್ತಿ ಅಲ್ಲಾಡಿಸಿ ಮತ್ತೆ ಕುರ್ಚಿಯಲ್ಲಿ ಕೂರುವುದು. ಶೂ ಹಾಕಿಕೊಂಡು ಕಾಫಿ ಕುಡಿಯುವುದು. ಹೀಗೆ ದಿನಕ್ಕೆ ಹತ್ತು ಸಲ ಮಾಡಿದರೆ ಕೀ ಸದ್ದಿಗೂ ನಾವು ಹೊರಡುವುದಕ್ಕೂ ಇರುವ ನಂಟು ಸಡಿಲವಾಗುತ್ತದೆ. ಆಮೇಲೆ ಹೊರಗೆ ಹೋಗಿ ಅರ್ಧ ನಿಮಿಷದಲ್ಲಿ ಒಳಗೆ ಬರುವುದು, ಎರಡು ನಿಮಿಷ, ಐದು ನಿಮಿಷ, ಹದಿನೈದು. ನಾಯಿ ಗಾಬರಿಯಾಗುವ ಮೊದಲೇ ಹಿಂದಿರುಗಬೇಕು, ಗುಟ್ಟು ಅಷ್ಟೇ. ಹೋಗುವಾಗ ಮುದ್ದಿನ ಬೀಳ್ಕೊಡುಗೆ ಬೇಡ, ಬಂದಾಗ ಸತ್ಕಾರ ಸಮಾರಂಭವೂ ಬೇಡ. ಅಮ್ಮನೇ ಸ್ವೆಟರ್ ಹಾಕಿಕೊಂಡು ಅಂಗಳದಲ್ಲಿ ನಿಂತು ನೂರರವರೆಗೆ ಎಣಿಸಿ ಒಳಗೆ ಬರುತ್ತಿದ್ದರು. "ನಿನ್ನನ್ನ ಮೊದಲ ದಿನ ಶಾಲೆಗೆ ಬಿಟ್ಟಾಗ ನಾನು ಹೀಗೇ ಕಾಂಪೌಂಡ್ ಹೊರಗೆ ನಿಂತಿದ್ದೆ ಕಣೋ" ಎಂದರು. ನೂರು ಎಣಿಸಿದ್ದು ಗುಂಡನಿಗಾಗಿಯೋ ಅವರಿಗಾಗಿಯೋ, ನಾನು ಕೇಳಲಿಲ್ಲ.

ಇದೇ ಅಮ್ಮ ಬಂದ ಹೊಸದರಲ್ಲಿ ನಾಯಿ ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದಿದ್ದವರು. ಕಾರು ಓಡಿಸಲು ಬಾರದ, ನೆರೆಯವರ ಭಾಷೆ ಬಾರದ ಅವರಿಗೂ ಎಂಟರಿಂದ ಆರರವರೆಗೆ ಅದೇ ಬೀಗ ಹಾಕಿದ ಮನೆ. ಎರಡನೆಯ ತಿಂಗಳಿಗೆ ಗುಂಡನ ಹಗ್ಗ ಹಿಡಿದು ಬೀದಿಗಿಳಿದರು. ನಾಯಿ ಹಿಡಿದವರನ್ನು ಇಲ್ಲಿಯವರು ನಿಲ್ಲಿಸಿ ಮಾತಾಡಿಸುತ್ತಾರೆ. ನಮಗೆ ಎಂಟು ವರ್ಷದಲ್ಲಿ ಪರಿಚಯವಾಗದ ಮೂರು ಮನೆಯವರು ಅಮ್ಮನಿಗೆ ಒಂದೇ ತಿಂಗಳಲ್ಲಿ ಗೆಳೆಯರಾದರು.

ಅಮ್ಮನದೇ ಇನ್ನೊಂದು ಸಂಶೋಧನೆ ಇದೆ. ಕಾಂಗ್ ಎಂಬ ಟೊಳ್ಳು ರಬ್ಬರಿನ ಆಟಿಕೆ ನೋಡಿರುತ್ತೀರಿ, ಒಳಗೆ ತಿಂಡಿ ತುಂಬಿ ಕೊಡುವಂಥದ್ದು. ಎಲ್ಲರೂ ಅದರಲ್ಲಿ ಪೀನಟ್ ಬಟರ್ ತುಂಬುತ್ತಾರೆ. (ಡಬ್ಬಿಯ ಮೇಲೆ ಝೈಲಿಟಾಲ್ ಇದೆಯೇ ನೋಡಿಕೊಳ್ಳಿ, ಆ ಸಿಹಿ ನಾಯಿಗೆ ವಿಷ.) ಅಮ್ಮ ಅದಕ್ಕೆ ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿದರು. ನೆಕ್ಕಿ ಮುಗಿಸಲು ಗುಂಡನಿಗೆ ನಲವತ್ತು ನಿಮಿಷ ಬೇಕು. ಕಷ್ಟದ ಆ ಮೊದಲ ಅರ್ಧ ಗಂಟೆ ಮೊಸರನ್ನದಲ್ಲೇ ಕಳೆದುಹೋಗುತ್ತದೆ! ಹೊರಡುವ ಮೊದಲು ಒಳ್ಳೆಯ ನಡಿಗೆಯಾಗಿದ್ದರೆ ಮುಂದಿನದು ನಿದ್ದೆ.

ಇಷ್ಟೆಲ್ಲ ಮಾಡಿದರೂ ಸಾಲದ ನಾಯಿಗಳಿವೆ. ಅವುಗಳಿಗೆ ವೈದ್ಯರೇ ಬೇಕು. ನಾಯಿಗಳ ಈ ಅಗಲಿಕೆಯ ಭಯಕ್ಕೆಂದೇ ಫ್ಲೂಯಾಕ್ಸೆಟೀನ್ ಔಷಧಿಗೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿತು. ಅದೂ ಪಾಠದ ಜೊತೆಗೆ, ಪಾಠದ ಬದಲಿಗಲ್ಲ. ಭಯದ ನಾಯಿಯನ್ನು ಪಂಜರದೊಳಗೆ ಕೂಡಿಹಾಕುವುದು ಮಾತ್ರ ಬೇಡ, ಹಲ್ಲು ಮುರಿದುಕೊಳ್ಳುತ್ತವೆ.

ಹಾಗಾದರೆ ಎಷ್ಟು ಹೊತ್ತು ಬಿಡಬಹುದು? ಬ್ರಿಟನ್ನಿನ ಆರ್‌ಎಸ್‌ಪಿಸಿಎ ಸಂಸ್ಥೆ ಹೇಳುವುದು ನಾಲ್ಕು ಗಂಟೆ. ಸ್ವೀಡನ್ನಿನ ನಿಯಮದಲ್ಲಿ ಮನೆಯೊಳಗಿನ ನಾಯಿಯನ್ನು ಹಗಲಿನಲ್ಲಿ ಆರು ಗಂಟೆಗೊಮ್ಮೆಯಾದರೂ ಹೊರಗೆ ಕರೆದೊಯ್ಯಬೇಕು. ಮರಿಗಳಿಗಾದರೆ ವಯಸ್ಸಿನ ತಿಂಗಳಿಗೆ ಒಂದು ಸೇರಿಸಿ, ಮೂರು ತಿಂಗಳ ಮರಿಗೆ ನಾಲ್ಕು ಗಂಟೆಗೆ ಮೀರಿ ಉಚ್ಚೆ ತಡೆಯಲಾಗದು. ಈಗ ನಮ್ಮ ಕೂಟದ ಹಬ್ಬದ ಲೆಕ್ಕ ಹಾಕಿ. ಆಮಂತ್ರಣದಲ್ಲಿ ಮಧ್ಯಾಹ್ನ ಎರಡು, ಗಣೇಶಸ್ತುತಿ ಮೂರೂವರೆಗೆ, ಊಟ ಒಂಬತ್ತಕ್ಕೆ, ವಂದನಾರ್ಪಣೆ ಮುಗಿದು ಪಾರ್ಕಿಂಗಿನಲ್ಲಿ ಮಾತು ಮುಗಿಯುವಾಗ ಹನ್ನೊಂದು. ದಾರಿಯ ಒಂದು ಗಂಟೆ ಬೇರೆ. ಕಾರ್ಯಕಾರಿ ಸಮಿತಿಯವರು ಮುನಿಸಿಕೊಳ್ಳಬಾರದು, ಒಂಬತ್ತು ಹತ್ತು ಗಂಟೆ ಯಾವ ನಾಯಿಗೂ ನ್ಯಾಯವಲ್ಲ. ಹತ್ತಿರ ಹತ್ತಿರ ಇರುವ ನಾಲ್ಕು ಮನೆಯವರು ಸರದಿ ಮಾಡಿಕೊಂಡು ನಡುವೆ ಒಬ್ಬರು ಹೋಗಿ ನಾಲ್ಕೂ ನಾಯಿಗಳನ್ನು ಹೊರಗೆ ಬಿಟ್ಟು ಬಂದರೆ ಸಾಕು. ಭಾಷಣದ ಹೊತ್ತಿಗೆ ಸ್ವಯಂಸೇವಕರಿಗೆ ಕೊರತೆಯಿರದು ಎಂದು ನನ್ನ ನಂಬಿಕೆ. ಹೊರಡುವ ಮೊದಲು ಅಡುಗೆಮನೆಯ ಕಟ್ಟೆಯನ್ನೊಮ್ಮೆ ನೋಡಿ. ದ್ರಾಕ್ಷಿ ಹಾಕಿದ ಕೇಸರಿಬಾತು, ಪಾಯಸ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು, ಈರುಳ್ಳಿ ರಕ್ತ ಕೆಡಿಸುತ್ತದೆ, ಚಾಕೊಲೇಟೂ ಬೇಡ. ಜುಲೈ ನಾಲ್ಕರ ರಾತ್ರಿ, ದೀಪಾವಳಿಯ ರಾತ್ರಿ ಪಟಾಕಿ ಇದ್ದರೆ ಯಾರಾದರೊಬ್ಬರು ಮನೆಯಲ್ಲೇ ಇರಿ.

ಇನ್ನು ಊರಿಗೆ ಹೋಗುವ ಪ್ರಶ್ನೆ. ನಾಲ್ಕು ವಾರಕ್ಕೆಂದು ನಾಯಿಯನ್ನು ಕರೆದೊಯ್ಯುವುದು ಸುಲಭವಲ್ಲ. ಅಲ್ಲಿಯ ಪಶು ಸಂಗರೋಧ ಕಚೇರಿಯ ಒಪ್ಪಿಗೆ ಬೇಕು. 2024ರ ಆಗಸ್ಟ್‌ನಿಂದ ಅಮೆರಿಕಕ್ಕೆ ವಾಪಸು ತರುವ ನಿಯಮಗಳೂ ಬಿಗಿಯಾಗಿವೆ. ರೇಬೀಸ್ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇರುವುದರಿಂದ ಹೊರಡುವ ಮೊದಲೇ ಲಸಿಕೆಯ ದೃಢೀಕರಣ ಪತ್ರ ಮಾಡಿಸಿಟ್ಟುಕೊಳ್ಳಬೇಕು. ಬೋರ್ಡಿಂಗ್ ಒಂದು ದಾರಿ. ನನ್ನ ಮತ ಕೇಳಿದರೆ, ನಾಯಿಗೆ ಗುರುತಿರುವ ಮನುಷ್ಯರೇ ಮೇಲು. ಮೊದಲು ಒಂದು ರಾತ್ರಿ, ಆಮೇಲೆ ಒಂದು ವಾರಾಂತ್ಯ ಬಿಟ್ಟು ನೋಡಿ.

ಕಳೆದ ಡಿಸೆಂಬರಿನಲ್ಲಿ ನಾವು ಹೊರಟಾಗ ಗುಂಡ ಇದ್ದದ್ದು ಅಮ್ಮನ ಬೀದಿಗೆಳತಿ, ಎಪ್ಪತ್ತು ದಾಟಿದ ಅಮೆರಿಕನ್ ಅಜ್ಜಿಯ ಮನೆಯಲ್ಲಿ. ಗುಂಡನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬಾ, ಕೂತ್ಕೋ, ಸಾಕು, ಬೇಡ, ಊಟ, ಹೊರಗೆ ಹೋಗೋಣ್ವಾ ಎಂದು ನನ್ನಾಕೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅವರ ಫ್ರಿಜ್ಜಿಗೆ ಅಂಟಿಸಿ ಬಂದಳು. ಮೂರನೆಯ ದಿನ ತುಮಕೂರಿಗೆ ವೀಡಿಯೊ ಕರೆ ಬಂತು. ಅಮ್ಮ ಫೋನನ್ನು ಮೂಗಿಗೆ ಹಿಡಿದು "ಗುಂಡ ಊಟ ಮಾಡಿದ್ನಾ?" ಎಂದು ಕನ್ನಡದಲ್ಲೇ ಕೇಳಿದರು. ಆ ಕಡೆಯ ಅಜ್ಜಿ ಫ್ರಿಜ್ಜಿನ ಕಡೆ ತಿರುಗಿ ಪಟ್ಟಿ ನೋಡಿಕೊಂಡು, "ಊಠಾ, ಎಸ್! ಸಾಖೂ, ನೋ!" ಎಂದರು.