ಅಮ್ಮನ ಕಿಟಕಿಯ ಹ್ಯಾಂಡಲ್

ಮೊನ್ನೆ ರಾತ್ರಿ ಶೆಟ್ಟಿಹಳ್ಳಿಯಲ್ಲಿ ಜೋರು ಮಳೆ. ಅಮ್ಮನ ರೂಮಿಗೆ ಹೋದರೆ ಹಾಸಿಗೆ ಅರ್ಧ ಒದ್ದೆ. ಕಿಟಕಿಯ ಹ್ಯಾಂಡಲ್ ಸವೆದು ಸುಮ್ಮನೆ ತಿರುಗ್ತಿತ್ತು, ಲಾಕ್ ಬೀಳ್ತಾನೇ ಇರಲಿಲ್ಲ. ಹಳೇ ಸೀರೆಯ ಅಂಚು ಹರಿದು ಅಮ್ಮ ಅದನ್ನು ಗ್ರಿಲ್‌ಗೆ ಕಟ್ಟಿದ್ದಳು.

"ಯಾಕಮ್ಮ ಹೇಳಲಿಲ್ಲ?"

"ಯಾವಾಗ ಹೇಳ್ಲೋ? ನೀನು ಯಾವಾಗ್ಲೂ ಮೀಟಿಂಗ್‌ನಲ್ಲಿ ಇರ್ತೀಯ."

ಮರುದಿನವೇ ಫೋಟೋ ನೋಡಿ ಆನ್‌ಲೈನ್‌ನಲ್ಲಿ ಒಂದು ಹ್ಯಾಂಡಲ್ ತರಿಸಿದೆ. ಬಣ್ಣ ಸರಿ, ಅಳತೆ ತಪ್ಪು! ಹಾರ್ಡ್‌ವೇರ್ ಅಂಗಡಿಯವರು, "ಹಳೇದನ್ನ ಬಿಚ್ಕೊಂಡ್ ಬನ್ನಿ ಸಾರ್" ಅಂದರು.

ನೋಡಬೇಕಾದ ಅಳತೆ ಮೂರೇ. ಎರಡು ಸ್ಕ್ರೂಗಳ ನಡುವಿನ ಅಂತರ, ನಮ್ಮ ಯುಪಿವಿಸಿ ಕಿಟಕಿಗೆ 43 ಮಿ.ಮೀ. ಹಿಂದೆ ಇರುವ ಚೌಕ ಕಡ್ಡಿಯ ದಪ್ಪ, ನಮ್ಮದು 7 ಮಿ.ಮೀ. ಮೂರನೆಯದು ಆ ಕಡ್ಡಿಯ ಉದ್ದ. ಗಿಡ್ಡವಾದರೆ ಒಳಗಿನ ಲಾಕ್‌ಗೆ ತಲುಪಲ್ಲ, ಉದ್ದವಾದರೆ ಹ್ಯಾಂಡಲ್ ಫ್ರೇಮಿಗೆ ಅಂಟಿ ಕೂರಲ್ಲ. ಬುಡದ ಮುಚ್ಚಳ ಸರಿಸಿದರೆ ಸ್ಕ್ರೂ ಕಾಣುತ್ತೆ. ಹಾಕುವಾಗ ಮಾತ್ರ ತೀರಾ ಬಿಗಿ ಮಾಡಬೇಡಿ, ಹ್ಯಾಂಡಲ್ ತಿರುಗೋದು ಕಷ್ಟ ಆಗುತ್ತೆ. ಬೇಕಾಗಿದ್ದು ಒಂದು ಸ್ಕ್ರೂಡ್ರೈವರ್, ಹತ್ತು ನಿಮಿಷ. ಇಷ್ಟಕ್ಕೆ ಅಮ್ಮ ಅದೆಷ್ಟು ರಾತ್ರಿ ಗಂಟು ಹಾಕಿದ್ದಳೋ.

ಅಮ್ಮ ಎರಡು ಸಲ ತೆರೆದು ಮುಚ್ಚಿ ನೋಡಿದಳು. ಸೀರೆಯ ತುಂಡನ್ನು ಮಡಚಿ ಡ್ರಾಯರ್‌ಗೆ ಹಾಕಿ, ಮೆಲ್ಲಗೆ ಅಂದಳು: "ಅಡುಗೆಮನೆ ನಲ್ಲಿನೂ ಸೋರ್ತಿದೆ ಕಣೋ."

ಈ ಭಾನುವಾರ ಅದೇ ಕೆಲಸ. ನೀವೂ ಒಮ್ಮೆ ಮನೆಯ ಕಿಟಕಿಗಳನ್ನೆಲ್ಲ ತೆರೆದು ಮುಚ್ಚಿ ನೋಡಿ. ಎಲ್ಲಾದರೂ ಗಂಟು ಕಾಣಬಹುದು.