ಹೆಸರು ಬೇರೆ, ಆಸಾಮಿ ಒಬ್ಬರೇ

2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಕರಗಿಹೋಯಿತು. ಎರಡು ವರ್ಷ ಕಳೆದು ಅದೇ ತಾರೀಖಿಗೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾ ಆಯಿತು. ಮರುವರ್ಷದ ಏಪ್ರಿಲ್ 1ಕ್ಕೆ ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳು ಒಟ್ಟಿಗೇ ಹೆಸರು ಕಳೆದುಕೊಂಡವು: ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿತು, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ. ಬೋರ್ಡು ಬದಲಾಯಿತು, ಪಾಸ್‌ಬುಕ್ಕು ಬದಲಾಯಿತು, ಐಎಫ್‌ಎಸ್‌ಸಿ ಬದಲಾಯಿತು. ಹೊಸ ಚೆಕ್‌ಬುಕ್ಕಿಗೆ ಓಡಾಡಿದವರು ಗ್ರಾಹಕರೇ. ಆದರೂ ಯಾವ ಗ್ರಾಹಕರೂ ಬ್ಯಾಂಕಿಗೆ ಹೋಗಿ, ‘ಆ ಹಳೆಯ ಬ್ಯಾಂಕು ನೀವೇ ಅನ್ನುವುದಕ್ಕೆ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿಕೊಡಿ’ ಎಂದು ಕೇಳಲಿಲ್ಲ.

ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪುತ್ತೇನೆ. ಬ್ಯಾಂಕುಗಳ ವಿಲೀನ ಸರ್ಕಾರದ ಅಧಿಸೂಚನೆಯಿಂದ ನಡೆದದ್ದು, ಊರಿಗೆಲ್ಲ ಗೊತ್ತಿದ್ದದ್ದು. ಒಬ್ಬ ಹೆಂಗಸಿನ ಮದುವೆ ಅವಳ ಬೀದಿಗೆ ಮಾತ್ರ ಗೊತ್ತು. ಆದರೆ ಅಲ್ಲಿ ನಮಗೆ ಸಹಜವಾಗಿ ಕಂಡ ಒಂದು ತಿಳಿವಳಿಕೆ ಇಲ್ಲಿ ಯಾಕೆ ಮಾಯವಾಗುತ್ತದೆ ಎಂದು ಕೇಳಬಹುದಲ್ಲ? ಹೆಸರು ಬದಲಾದರೂ ಹೊಣೆ, ಸಾಲ, ಠೇವಣಿ, ನಂಟು ಯಾವುದೂ ಮುರಿಯುವುದಿಲ್ಲ ಎಂಬುದೇ ಆ ತಿಳಿವಳಿಕೆ.

ಖಾತೆಯಲ್ಲಿನ ಹೆಸರು ಬದಲಿಸಲು ಅರ್ಜಿ ಬಂದಾಗ ಬ್ಯಾಂಕು ಕೇಳಬೇಕಾದ ಪ್ರಶ್ನೆ ಒಂದೇ: ಖಾತೆ ತೆರೆದವರು ಇವರೇ ಹೌದೋ ಅಲ್ಲವೋ? ವಾಸ್ತವದಲ್ಲಿ ಕೇಳುವುದು ಬೇರೆ: ಈ ಕಾಗದದ ಅಕ್ಷರಗಳು ಆ ಕಾಗದದ ಅಕ್ಷರಗಳಿಗೆ ಹೊಂದುತ್ತವೆಯೋ ಇಲ್ಲವೋ? ಮೊದಲನೆಯದು ಮನುಷ್ಯರನ್ನು ಕುರಿತ ಪ್ರಶ್ನೆ, ಅದನ್ನು ಕೇಳುವ ಹಕ್ಕು ಬ್ಯಾಂಕಿಗೆ ಖಂಡಿತ ಇದೆ. ಎರಡನೆಯದು ಕಾಗದಗಳ ನಡುವಿನ ವ್ಯಾಜ್ಯ. ನನ್ನ ತಕರಾರು ಇಷ್ಟೇ: ಮೊದಲನೆಯದಕ್ಕೆ ಉತ್ತರ ಹುಡುಕುವ ಶ್ರಮ ತಪ್ಪಿಸಿಕೊಳ್ಳಲು ಎರಡನೆಯದನ್ನು ಮುಂದೆ ಮಾಡಿ, ಅದರ ಖರ್ಚು ಓಡಾಟವನ್ನೆಲ್ಲ ಗ್ರಾಹಕರ ತಲೆಗೆ ಕಟ್ಟಲಾಗಿದೆ.

ನಮ್ಮ ಹೆಸರುಗಳ ರೀತಿಯನ್ನೇ ನೋಡಿ. ಕೆನರಾ ಬ್ಯಾಂಕನ್ನು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದವರು ಅಮ್ಮೆಂಬಳ ಸುಬ್ಬರಾವ್ ಪೈ. ಅಮ್ಮೆಂಬಳ ಊರು, ಸುಬ್ಬರಾವ್ ಹೆಸರು, ಪೈ ಮನೆತನದ್ದು. ಇಂದಿನ ಅರ್ಜಿಯಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಚೌಕ ಇರುತ್ತವೆ. ಅಮ್ಮೆಂಬಳವನ್ನು ಮೊದಲ ಚೌಕಕ್ಕೆ ಹಾಕಿದರೆ ಬ್ಯಾಂಕಿನ ಸ್ಥಾಪಕರಿಗೇ ‘ಮಿಸ್ಟರ್ ಅಮ್ಮೆಂಬಳ’ ಎಂದು ಮೆಸೇಜು ಬರುತ್ತಿತ್ತೇನೋ. ಹಳೇ ಮೈಸೂರಿನ ಕಡೆ ಊರಿನದೊಂದು, ಅಪ್ಪನದೊಂದು ಅಕ್ಷರ ಮುಂದೆ ಬರುತ್ತದೆ, ಮನೆತನದ ಹೆಸರೇ ಇರದವರು ಬೇಕಾದಷ್ಟು ಮಂದಿ. ಧಾರವಾಡದ ಕಡೆ ತನ್ನ ಹೆಸರು, ಅಪ್ಪನ ಇಲ್ಲವೇ ಗಂಡನ ಹೆಸರು, ಆಮೇಲೆ ಅಡ್ಡಹೆಸರು. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರು ಕಡ್ಡಾಯ, ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಆಧಾರ್‌ನಲ್ಲಿ ಎಷ್ಟೋ ಸಲ ಅಂದು ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗನ ಕಿವಿಗೆ ಕೇಳಿಸಿದ್ದೇ ಹೆಸರು. ಇನ್ನು ಇಂಗ್ಲಿಷ್ ಕಾಗುಣಿತ: ‘ಗೌಡ’ಕ್ಕೆ ಮಂಡ್ಯದ ಕಡೆ ಡಬ್ಲ್ಯು, ಗದಗಿನ ಕಡೆ ಯು, ‘ಲಕ್ಷ್ಮಿ’ಗೆ ಒಬ್ಬರು ಎಕ್ಸ್ ಹಾಕಿದರೆ ಇನ್ನೊಬ್ಬರು ಕೆ, ಎಸ್, ಎಚ್ ಜೋಡಿಸುತ್ತಾರೆ. ಇವರಲ್ಲಿ ಯಾರೂ ಹೆಸರು ಬದಲಿಸಿಕೊಂಡವರಲ್ಲ. ಆದರೂ ಒಂದೊಂದು ಕಚೇರಿಯ ಮಟ್ಟಿಗೆ ಒಬ್ಬೊಬ್ಬರಾಗಿಬಿಟ್ಟಿದ್ದಾರೆ.

ನಿಜವಾಗಿ ಹೆಸರು ಬದಲಾಯಿಸಿಕೊಳ್ಳುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಳ್ಳಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಹೇಳುವುದು ಮನೆ, ಪಡಿತರ ಚೀಟಿ, ಕೆಲವೊಮ್ಮೆ ಕೌಂಟರಿನವರು: ‘ಮದ್ವೆ ಆಗಿದ್ಯಲ್ಲಮ್ಮಾ, ಯಜಮಾನ್ರ ಹೆಸ್ರು ಹಾಕಿಸ್ಕೊಂಡ್ಬಿಡಿ, ಮುಂದೆ ತೊಂದ್ರೆ ಆಗಲ್ಲ.’ ತೊಂದರೆ ಶುರುವಾಗುವುದೇ ಅಲ್ಲಿಂದ. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ ಈ ವಿಷಯದಲ್ಲಿ ಉದಾರವಾಗಿಯೇ ಇದೆ. ಗುರುತಿನ ದಾಖಲೆ ಕೊಟ್ಟ ಮೇಲೆ ಹೆಸರು ಬದಲಾಗಿದ್ದರೂ, ರಾಜ್ಯ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರವೋ ಗೆಜೆಟ್ ಅಧಿಸೂಚನೆಯೋ ಜೊತೆಗಿದ್ದರೆ ಆ ದಾಖಲೆ ನಡೆಯುತ್ತದೆ ಎನ್ನುತ್ತದೆ. ಓದಲು ಸುಲಭ. ಆದರೆ ನಲವತ್ತು ವರ್ಷದ ಹಿಂದೆ ಊರ ಗುಡಿಯ ಮುಂದೆ ಚಪ್ಪರ ಹಾಕಿ ಮದುವೆಯಾದವರ ಬಳಿ ಇರುವುದು ಹೆಚ್ಚೆಂದರೆ ಒಂದು ಲಗ್ನಪತ್ರಿಕೆ. ಮದುವೆ ನೋಂದಣಿಗೆ ಕರ್ನಾಟಕ 1976ರಲ್ಲೇ ಕಾಯ್ದೆ ಮಾಡಿದ್ದರೂ ಹಳ್ಳಿಗಳಲ್ಲಿ ಅದನ್ನು ಕೇಳಿದವರು ಕಡಿಮೆ. ವಿವಾಹ ಪತ್ರ ಇಲ್ಲದಿದ್ದರೆ ಉಳಿಯುವುದು ಗೆಜೆಟ್ ದಾರಿ: ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಶುಲ್ಕ, ಕಾಯುವಿಕೆ. ವಿಚ್ಛೇದನವಾಗಿ ತವರಿನ ಹೆಸರಿಗೆ ಮರಳುವವರ ಪಾಡು ಇನ್ನೂ ಬಿಗಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಮದುವೆಗೊಂದು, ವಿಚ್ಛೇದನಕ್ಕೊಂದು ಮುಗಿದರೆ ಕಾಗುಣಿತದ ತಪ್ಪಿಗೆ ಸರದಿಯೇ ಇಲ್ಲ.

ಇದೆಲ್ಲದರ ನಡುವೆ ನೋಟರಿ ಅಂಗಡಿಗಳಲ್ಲಿ ‘ಒನ್ ಅಂಡ್ ಸೇಮ್’ ಅಫಿಡವಿಟ್ಟು ಎಂಬುದೊಂದು ಸಿಗುತ್ತದೆ. ಆ ಹೆಸರಿನವಳೂ ಈ ಹೆಸರಿನವಳೂ ನಾನೇ ಎಂದು ಒಬ್ಬಳು ಪ್ರಮಾಣ ಮಾಡಿ ಹೇಳುವ ಕಾಗದ. ಕೌಂಟರಿನ ಮುಂದೆ ನಿಂತು ಬಾಯಲ್ಲಿ ಹೇಳಿದರೆ ನಂಬದ ಮಾತನ್ನು ಛಾಪಾ ಕಾಗದದಲ್ಲಿ ಅಚ್ಚು ಹಾಕಿಸಿ ತಂದರೆ ನಂಬುತ್ತಾರೆ. ಹೇಳಿದವರು ಅವರೇ, ಮಾತೂ ಅದೇ. ಸುಳ್ಳಾದರೆ ಶಿಕ್ಷೆಯಿದೆ ಎಂಬ ಭಯವೊಂದು ಸೇರಿತು ಎನ್ನಬಹುದು. ಗುರುತಿನ ಬಗ್ಗೆ ಹೊಸದಾಗಿ ತಿಳಿದದ್ದು ಏನೂ ಇಲ್ಲ.

ಬ್ಯಾಂಕಿನವರ ವಾದವನ್ನು ತಳ್ಳಿಹಾಕುವ ಹಾಗಿಲ್ಲ. ಬೇನಾಮಿ ಖಾತೆಗಳು ಈ ದೇಶದಲ್ಲಿ ಕಟ್ಟುಕಥೆಯಲ್ಲ. ಹೆಸರಿನ ಒಂದಕ್ಷರ ಆಚೀಚೆ ಮಾಡಿ ಹಲವು ಖಾತೆ ತೆರೆಯುವುದು, ಸತ್ತವರ ಠೇವಣಿಗೆ ಅದೇ ಹೆಸರಿನ ಇನ್ನೊಬ್ಬರು ಬಂದು ನಿಲ್ಲುವುದು, ವಯಸ್ಸಾದ ತಾಯಿಯ ಖಾತೆಯನ್ನು ಮಗನೊಬ್ಬ ತನ್ನ ಕಡೆ ಎಳೆದುಕೊಳ್ಳುವುದು, ಇವೆಲ್ಲ ನಡೆಯುವಂಥವೇ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಗ್ರಾಹಕರನ್ನು ಅರಿಯುವ ಹೊಣೆಯನ್ನು ಬ್ಯಾಂಕಿನ ಮೇಲೆ ಹಾಕಿದ್ದು ಸುಮ್ಮನೆ ಅಲ್ಲ. ಆದರೆ ಮೋಸ ಮಾಡಲು ಹೊರಟವನ ಕಾಗದಗಳು ಸಾಮಾನ್ಯವಾಗಿ ಅಚ್ಚುಕಟ್ಟಾಗಿರುತ್ತವೆ, ಅಕ್ಷರಕ್ಕೆ ಅಕ್ಷರ ಹೊಂದುತ್ತವೆ. ಹೊಂದದೇ ಇರುವುದು ಮುಚ್ಚಿಡಲು ಏನೂ ಇಲ್ಲದವರ ಕಾಗದಗಳು.

ಹಣದ ವಿಷಯಕ್ಕೆ ಬಂದರೆ ಇದೇ ವ್ಯವಸ್ಥೆ ಹೆಸರನ್ನು ಎಷ್ಟು ಹಗುರವಾಗಿ ಕಂಡಿದೆ ನೋಡಿ. ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮೂಲಕ ಬಂದ ಹಣವನ್ನು ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮೆ ಮಾಡಬಹುದು ಎಂದು ರಿಸರ್ವ್ ಬ್ಯಾಂಕು 2010ರಲ್ಲೇ ಸುತ್ತೋಲೆ ಹೊರಡಿಸಿತು. ಅಂಕಿಯೊಂದು ತಪ್ಪಿ ಲಕ್ಷ ರೂಪಾಯಿ ಯಾರದೋ ಖಾತೆಗೆ ಹೋದರೂ ಅಲ್ಲಿ ಹೆಸರು ತಡೆಯುತ್ತಿರಲಿಲ್ಲ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಮಷೀನಿನ ಮೇಲೆ ಹೆಬ್ಬೆಟ್ಟಿಟ್ಟು ಹಣ ತೆಗೆಯುವಾಗ ಬೇಕಾದದ್ದು ಆಧಾರ್ ಸಂಖ್ಯೆ ಮತ್ತು ಬೆರಳು. ನಿಮ್ಮ ಹೆಸರಲ್ಲಿ ಎಕ್ಸ್ ಇದೆಯೋ ಕೆ ಇದೆಯೋ ಅಲ್ಲಿ ಯಾರೂ ಕೇಳುವುದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬರಲು ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ಕು ಮೂರರ ಹೆಸರನ್ನೂ ಸರಿಮಾಡಿಸಲು ತಿರುಗಿದವಳು, ಬಂದ ಹಣವನ್ನು ತೆಗೆಯುವುದು ಮಾತ್ರ ಹೆಬ್ಬೆರಳಿನಿಂದ. ಆ ಬೆರಳು ಮದುವೆಗೆ ಮುಂಚೆಯೂ ಅದೇ, ಆಮೇಲೂ ಅದೇ. ಬೆರಳಚ್ಚನ್ನೇ ಎಲ್ಲಕ್ಕೂ ಕೇಳಿ ಎಂದು ನಾನು ಹೇಳುತ್ತಿಲ್ಲ. ಅದರ ಅಪಾಯಗಳನ್ನು ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಆಧಾರ್ ಮೊಕದ್ದಮೆ ದೇಶದ ಮುಂದೆ ಇಟ್ಟಿದೆ. ಆಸಾಮಿಯನ್ನು ಗುರುತಿಸಲು ಹೆಸರೊಂದೇ ದಾರಿಯಲ್ಲ ಎಂಬುದು ವ್ಯವಸ್ಥೆಗೇ ಗೊತ್ತಿದೆ ಎನ್ನುವುದಷ್ಟೇ ನನ್ನ ಮಾತು.

ನಮ್ಮ ಕಂದಾಯ ದಾಖಲೆಗಳಿಗೆ ಈ ವಿವೇಕ ಹಿಂದಿನಿಂದಲೂ ಇತ್ತು. ಪಹಣಿಯಲ್ಲಿ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ, ‘ಉರುಫ್’ ಅಂದರೆ ಇನ್ನೊಂದು ಹೆಸರೂ ಉಂಟು. ಊರು ಕರೆಯುವ ಹೆಸರು ಬೇರೆ, ಅಜ್ಜಿ ಇಟ್ಟ ಹೆಸರು ಬೇರೆ ಎಂದಾದರೆ ಎರಡನ್ನೂ ಬರೆದು ನಡುವೆ ಉರುಫ್ ಹಾಕಿದರೆ ಆಯಿತು. ಶಾನುಭೋಗರ ಕಾಲವನ್ನು ಹೊಗಳಬೇಕಾಗಿಲ್ಲ. ಅವರ ಲೇಖನಿ ಎಷ್ಟು ಜನರ ಹೊಲ ತಪ್ಪಿಸಿದೆ ಎಂದು ಹಳಬರನ್ನು ಕೇಳಬೇಕು. ಹಾಗಿದ್ದೂ ಒಬ್ಬರಿಗೆ ಎರಡು ಹೆಸರಿರುವುದು ಆ ದಾಖಲೆಗೆ ಅಪರಾಧವಾಗಿ ಕಾಣಲಿಲ್ಲ.

ಬ್ಯಾಂಕಿನ ಖಾತೆಯಲ್ಲೂ ಇದು ಸಾಧ್ಯ. ಹಳೆಯ ಹೆಸರನ್ನು ಅಳಿಸಿ ಹೊಸದು ಬರೆಯುವ ಬದಲು, ಎರಡನ್ನೂ ತಾರೀಖಿನ ಸಮೇತ ಉಳಿಸಿಕೊಳ್ಳಬಹುದು. ಹಳೆಯ ಹೆಸರಿಗೆ ಬಂದ ಚೆಕ್ಕು ಆಗ ವಾಪಸ್ಸು ಹೋಗಬೇಕಿಲ್ಲ, ತನಿಖೆಯವರಿಗೂ ಜಾಡು ಸಿಗುತ್ತದೆ. ಮೋಸ ತಡೆಯುವುದಕ್ಕೂ ಅಳಿಸುವುದಕ್ಕಿಂತ ಉಳಿಸುವುದೇ ಒಳ್ಳೆಯದು. ಇನಿಷಿಯಲ್ ಬಿಡಿಸಿ ಬರೆಯುವುದನ್ನು, ಕಾಗುಣಿತದ ವ್ಯತ್ಯಾಸವನ್ನು ಹೆಸರು ಬದಲಾವಣೆ ಎಂದು ಎಣಿಸುವುದನ್ನೇ ಬಿಡಬೇಕು. ಹೆಸರು ವ್ಯಕ್ತಿಯ ಗುರುತಿನ ಅಂಗ, ಅದರ ಮೇಲೆ ಹತೋಟಿ ಆ ವ್ಯಕ್ತಿಗೇ ಇರಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಸಿಬಿಎಸ್‌ಇ ಪ್ರಮಾಣಪತ್ರಗಳ ಪ್ರಕರಣದಲ್ಲಿ ಹೇಳಿದೆ.

ಕೌಂಟರಿನಲ್ಲಿ ಕೂತವರನ್ನು ಬೈದು ಪ್ರಯೋಜನವಿಲ್ಲ. ಇಪ್ಪತ್ತು ವರ್ಷದಿಂದ ವ್ಯವಹರಿಸುತ್ತಿರುವ ಲಕ್ಷ್ಮಮ್ಮ ಇವರೇ ಎಂದು ಅವರಿಗೂ ಗೊತ್ತಿರುತ್ತದೆ. ಗೊತ್ತಿದೆ ಎಂದು ಬರೆದು ಸಹಿ ಹಾಕಿದರೆ ನಾಳೆ ಆಡಿಟ್ಟಿನಲ್ಲಿ ಉತ್ತರ ಹೇಳಬೇಕಾದವರು ಅವರೊಬ್ಬರೇ. ಅಫಿಡವಿಟ್ಟು ಕೇಳಿದರೆ ಯಾರೂ ಪ್ರಶ್ನಿಸುವುದಿಲ್ಲ. ನೋಡಿ ತೀರ್ಮಾನಿಸುವ ಅಧಿಕಾರವನ್ನು ಬೇರೆ ಕಡೆ ಗ್ರಾಹಕರಿಗೇ ಬಿಟ್ಟದ್ದುಂಟು. ಹಣ ಕಳಿಸುವವರಿಗೆ ಹಣ ಪಡೆಯುವವರ ಹೆಸರು ಮೊದಲೇ ಕಾಣುವ ಸೌಲಭ್ಯವನ್ನು ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗೆ 2025ರ ಏಪ್ರಿಲ್ ಒಳಗೆ ತರಬೇಕೆಂದು ರಿಸರ್ವ್ ಬ್ಯಾಂಕು ಹೇಳಿತು. ಅಲ್ಲಿ ತೆರೆಯ ಮೇಲೆ ಹೆಸರು ಬಂದಾಗ ಇದು ನಮ್ಮ ಮನೆ ಓನರೇ ಹೌದೋ ಅಲ್ಲವೋ ಎಂದು ನೋಡಿ ತೀರ್ಮಾನಿಸುವುದು ಬಾಡಿಗೆ ಕಳಿಸುವವರಿಗೆ ಬಿಟ್ಟದ್ದು. ಇನಿಷಿಯಲ್ ಹಿಂದುಮುಂದಾಗಿದೆ ಎಂದು ಯಾರೂ ಬಾಡಿಗೆ ತಡೆಹಿಡಿಯುವುದಿಲ್ಲ. ಅಷ್ಟು ತೀರ್ಮಾನ ಮಾಡುವ ಅಧಿಕಾರವನ್ನು ಶಾಖೆಯ ಮ್ಯಾನೇಜರಿಗೆ ಲಿಖಿತವಾಗಿ ಕೊಟ್ಟು, ಸದ್ಭಾವನೆಯಿಂದ ಮಾಡಿದ ತಪ್ಪಿಗೆ ಅವರ ಬಡ್ತಿ ಹೋಗದಂತೆ ನೋಡಿಕೊಂಡರೆ ಬಹುಪಾಲು ಅರ್ಜಿಗಳು ಕೌಂಟರಿನಲ್ಲೇ ಮುಗಿಯುತ್ತವೆ.